ಕಲ್ಲು ದಡದಿಂದ ಡೈವ್‌ಗೆ ಇಳಿಯುವವರು ಬೂಟು ಆರಿಸುವುದು ಹೇಗೆ

ದೋಣಿಯಿಂದ ಸ್ಕೂಬಾ ಡೈವ್ (ಗಾಳಿಯ ಸಿಲಿಂಡರ್ ಹೊತ್ತು ನೀರೊಳಗೆ ಈಜುವುದು) ಮಾಡುವವರಿಗೆ ಪಾದದ ಚಿಂತೆ ಅಷ್ಟಾಗಿ ಇರುವುದಿಲ್ಲ. ಕೂತಲ್ಲೇ ಫಿನ್ (ಈಜಲು ಕಾಲಿಗೆ ತೊಡುವ ರೆಕ್ಕೆ) ತೊಟ್ಟು, ಬೆನ್ನಾಗಿ ನೀರಿಗೆ ಉರುಳಿಬಿಟ್ಟರೆ ಆಯಿತು. ದಡದಿಂದ ಇಳಿಯುವವರ ಪಾಡೇ ಬೇರೆ. ಬೆನ್ನಿಗೆ ಸಿಲಿಂಡರ್, ಸೊಂಟಕ್ಕೆ ಮುಳುಗಲು ನೆರವಾಗುವ ಸೀಸದ ತೂಕ, ಒಂದು ಕೈಯಲ್ಲಿ ಫಿನ್ ಜೋಡಿ, ಕಾಲ ಕೆಳಗೆ ಗರಗಸದ ಹಲ್ಲಿನಂಥ ಕಲ್ಲು, ಸಾಲದ್ದಕ್ಕೆ ಮಂಡಿಗೆ ಬಡಿಯುವ ಅಲೆ. ಬಿಸಿನೀರಿನ ಕಡಲುಗಳಲ್ಲಿ ಎಲ್ಲೆಡೆ ಬಳಕೆಯಲ್ಲಿರುವ 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರ್ ಗಾಳಿ ತುಂಬಿದಾಗ 17 ಕಿಲೋ ಆಸುಪಾಸು ತೂಗುತ್ತದೆ. ಗಾಳಿ ತುಂಬಿ ತೇಲುವ ಜಾಕೆಟ್, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್, ಸೀಸ ಎಲ್ಲ ಸೇರಿಸಿದರೆ ಹೊರೆ 25 ಕಿಲೋ ದಾಟುವುದು ಸುಲಭ. ಅಷ್ಟನ್ನೂ ಹೊರಬೇಕಾದದ್ದು ನಿಮ್ಮ ಎರಡು ಅಂಗಾಲು, ಅದೂ ಜಾರುವ, ಚುಚ್ಚುವ, ಅಲ್ಲಾಡುವ ನೆಲದ ಮೇಲೆ.

ನನ್ನ ಮೊದಲ ಜೋಡಿ ಬೂಟನ್ನು ನಾನು ಕೊಂಡದ್ದು ಅದು ಮೆತ್ತಗಿದೆ ಎಂಬ ಒಂದೇ ಕಾರಣಕ್ಕೆ. ಅಂಗಡಿಯ ನುಣುಪು ನೆಲದ ಮೇಲೆ ಕಾಲುಚೀಲ ತೊಟ್ಟು ನಡೆದಷ್ಟು ಹಿತವಾಗಿತ್ತು. ಸುಣ್ಣಕಲ್ಲಿನ ದಡಕ್ಕೆ ಕಾಲಿಟ್ಟ ದಿನ ಆ ಹಿತವೆಲ್ಲ ಇಳಿದುಹೋಯಿತು. ಒಂದೊಂದು ಮೊನೆಯೂ ಅಂಗಾಲಿಗೆ ತಗುಲುತ್ತಿತ್ತು. ಹೆಜ್ಜೆ ಊರಲು ಅಂಜುತ್ತ, ಅಂಜಿದ್ದಕ್ಕೇ ಆಯ ತಪ್ಪಿ, ಮಂಡಿಯೂರಿ ಬಿದ್ದೆ. ಮಂಡಿಯ ಗಾಯ ಮಾಗಿತು. ಮೈಗೆ ಬಿಗಿಯಾಗಿ ತೊಡುವ ರಬ್ಬರ್ ಉಡುಪಾದ ವೆಟ್‌ಸೂಟಿನ ತೂತಿಗೆ ಹಾಕಿದ ತೇಪೆ ಈಗಲೂ ಇದೆ. ಈ ಮಾರ್ಗದರ್ಶಿಯಲ್ಲಿ ಬೂಟಿನ ಬೆಚ್ಚಗಿಡುವ ಗುಣಕ್ಕಿಂತ ಅದರ ಅಟ್ಟೆಗೆ ಹೆಚ್ಚು ಜಾಗ ಕೊಟ್ಟಿರುವುದು ಆ ಕಾರಣಕ್ಕೇ.

ಹೆಜ್ಜೆ 1: ಬೂಟಿಗೆ ಮೊದಲು ದಡವನ್ನು ನೋಡಿ

"ಕಲ್ಲು ದಡ" ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಪಾದದ ಮಟ್ಟಿಗೆ ಅದು ಕನಿಷ್ಠ ಮೂರು ಬಗೆ, ಮೂರಕ್ಕೂ ಬೂಟಿನ ಬೇಡಿಕೆ ಬೇರೆ.

ಮೊದಲನೆಯದು ಚೂಪು ಸುಣ್ಣಕಲ್ಲು. ಹಳೆಯ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು, ಮಳೆ ಮತ್ತು ಉಪ್ಪುನೀರಿಗೆ ಸವೆದು, ತೂತು ತೂತಾಗಿ ಕತ್ತಿಯಂಥ ಅಂಚು ಪಡೆದಿರುತ್ತವೆ. ಕೆರಿಬಿಯನ್ ದ್ವೀಪಗಳಲ್ಲಿ ಇದನ್ನು "ಐರನ್‌ಶೋರ್" ಎನ್ನುತ್ತಾರೆ. ಕಬ್ಬಿಣದ ದಡ ಎಂಬ ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಗುಣ ಮಾತ್ರ ಇದರ ಪರವಾಗಿದೆ: ಒಣಗಿದ್ದಾಗ ಇದರ ಮೇಲೆ ಕಾಲು ಜಾರುವುದು ಕಡಿಮೆ. ಇಲ್ಲಿ ಬೇಕಾದದ್ದು ಬಿಗಿಯಾದ, ದಪ್ಪನೆಯ, ಮೊನೆ ಒಳಗೆ ಹಾಯದ ಅಟ್ಟೆ.

ಎರಡನೆಯದು ಉರುಟು ಕಲ್ಲುಗಳ ದಡ. ಬಾಲಿಯ ತುಲಂಬೆನ್ ಇದಕ್ಕೆ ಒಳ್ಳೆಯ ಉದಾಹರಣೆ. 1942ರಲ್ಲಿ ಟಾರ್ಪೀಡೊ ಪೆಟ್ಟು ತಿಂದು ದಡ ಸೇರಿದ ಲಿಬರ್ಟಿ ಹಡಗು 1963ರಲ್ಲಿ ಆಗುಂಗ್ ಜ್ವಾಲಾಮುಖಿ ಸಿಡಿದಾಗ ನೀರಿಗೆ ಜಾರಿ ಮುಳುಗಿತು. ಅದನ್ನು ನೋಡಲು ಹೋಗುವವರು ಇವತ್ತಿಗೂ ದಡದಿಂದಲೇ ಇಳಿಯುತ್ತಾರೆ. ಅಲ್ಲಿನ ಕಲ್ಲುಗಳು ಕಪ್ಪಗೆ, ದುಂಡಗೆ, ನುಣ್ಣಗಿವೆ. ಅವು ಚುಚ್ಚುವುದಿಲ್ಲ, ಕಾಲ ಕೆಳಗೆ ಉರುಳುತ್ತವೆ. ಅಲೆ ಹಿಂದೆ ಸರಿಯುವಾಗ ಕಲ್ಲುಗಳೂ ಗಡಗಡ ಎಂದು ಅದರ ಜೊತೆ ಹೊರಡುತ್ತವೆ. ಇಂಥಲ್ಲಿ ಕಾಲಿನ ಗಂಟನ್ನು ಸುತ್ತ ಹಿಡಿದಿಡುವ ಎತ್ತರದ ಬೂಟು, ಬೆರಳಿಗೆ ಪೆಟ್ಟು ತಗುಲದಂತೆ ರಬ್ಬರಿನ ಮುಂಗವಚ ಮುಖ್ಯ.

ಮೂರನೆಯದು ಪಾಚಿ ಹತ್ತಿದ ಚಪ್ಪಟೆ ಬಂಡೆ. ಹವಾಯಿಯಂಥ ಲಾವಾ ದಡಗಳಲ್ಲಿ ಇದು ಸಾಮಾನ್ಯ. ಉಬ್ಬರ ಇಳಿತಗಳ ನಡುವಿನ ಪಟ್ಟಿಯಲ್ಲಿ ಬಂಡೆ ಯಾವಾಗಲೂ ಒದ್ದೆಯಾಗಿರುತ್ತದೆ, ಅದರ ಮೇಲೆ ಸೂಕ್ಷ್ಮಜೀವಿಗಳ ಲೋಳೆ ಪದರ ಬೆಳೆದಿರುತ್ತದೆ. ಹಸಿರು ಪಾಚಿ ಕಣ್ಣಿಗೆ ಬೀಳುತ್ತದೆ, ಎಚ್ಚರ ತಾನಾಗಿ ಬರುತ್ತದೆ. ಮೋಸ ಮಾಡುವುದು ಕರಿಬಂಡೆಯ ಮೇಲಿನ ಕರಿಪದರ. ಬರೀ ಒದ್ದೆ ಕಲ್ಲು ಅಂದುಕೊಂಡು ಕಾಲಿಟ್ಟರೆ ಎಣ್ಣೆ ಸುರಿದ ನೆಲಕ್ಕೆ ಕಾಲಿಟ್ಟಂತೆ. ಇಲ್ಲಿ ಲೆಕ್ಕಕ್ಕೆ ಬರುವುದು ರಬ್ಬರಿನ ಮೆದುತನ ಮತ್ತು ಅದರ ಮೇಲಿನ ಗೀರು.

ನೀವು ಹೆಚ್ಚಾಗಿ ಇಳಿಯುವ ದಡ ಯಾವ ಬಗೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ನೀರಿಗೆ ಎಷ್ಟು ಹೆಜ್ಜೆ, ಎಷ್ಟು ಇಳಿಜಾರು ಎಂಬುದನ್ನೂ ನೋಡಿ. ಕೆರಿಬಿಯನ್ ಕಡಲಿನ ಬೊನೇರ್ ದ್ವೀಪದಲ್ಲಿ "ಸಾವಿರ ಮೆಟ್ಟಿಲು" ಎಂಬ ಹೆಸರಿನ ಡೈವ್ ತಾಣವಿದೆ. ಎಣಿಸಿದರೆ ಮೆಟ್ಟಿಲು ನೂರೂ ಆಗುವುದಿಲ್ಲ. ಡೈವ್ ಮುಗಿಸಿ ಸಿಲಿಂಡರ್ ಹೊತ್ತು ಹತ್ತುವಾಗ ಹೆಸರಿಟ್ಟವರ ಲೆಕ್ಕವೇ ಸರಿ ಅನ್ನಿಸುತ್ತದೆ. ಬೂಟು ಆರಿಸುವಾಗ ಇಳಿಯುವುದನ್ನಷ್ಟೇ ನೆನೆಯುತ್ತೇವೆ. ದಣಿದ ಕಾಲಿನಲ್ಲಿ ಹತ್ತಿ ಬರುವುದೂ ಅದೇ ಬೂಟಿನಲ್ಲೇ.

ಹೆಜ್ಜೆ 2: ಫಿನ್ ಯಾವುದೆಂದು ತೀರ್ಮಾನಿಸಿ

ಫಿನ್‌ಗಳಲ್ಲಿ ಎರಡು ಕುಲ. ಚಪ್ಪಲಿಯಂತೆ ಇಡೀ ಪಾದವನ್ನು ಒಳಗೆಳೆದುಕೊಳ್ಳುವ ಫುಲ್‌ಫುಟ್ ಒಂದು, ಹಿಮ್ಮಡಿಯ ಕಡೆ ತೆರೆದಿದ್ದು ಪಟ್ಟಿಯಿಂದ ಬಿಗಿಯುವ ಓಪನ್‌ಹೀಲ್ ಇನ್ನೊಂದು. ಫುಲ್‌ಫುಟ್ ಹಗುರ, ಬರಿಗಾಲಿಗೆ ಹೇಳಿ ಮಾಡಿಸಿದ್ದು. ಬಿಸಿನೀರಿನ ದೋಣಿ ಡೈವ್‌ಗೆ ಅದಕ್ಕಿಂತ ಸುಖ ಬೇರೆ ಇಲ್ಲ. ಆದರೆ ದಪ್ಪ ಅಟ್ಟೆಯ ಬೂಟು ಅದರೊಳಗೆ ತೂರುವುದಿಲ್ಲ. ಕಲ್ಲು ದಡಕ್ಕೆ ಇಳಿಯುವವರು ಓಪನ್‌ಹೀಲ್ ಕಡೆಗೆ ಹೋಗುವುದೇ ಲೇಸು.

ಕೈಯಲ್ಲಿ ಈಗಾಗಲೇ ಫುಲ್‌ಫುಟ್ ಫಿನ್ ಇದ್ದವರು ಒಂದು ಉಪಾಯ ಮಾಡುತ್ತಾರೆ: ಯಾವುದೋ ಚಪ್ಪಲಿ ತೊಟ್ಟು ನೀರಿನ ತನಕ ನಡೆದು, ಅಲ್ಲಿ ಅದನ್ನು ಕಳಚಿ ಜಾಕೆಟ್‌ಗೆ ಸಿಕ್ಕಿಸಿಕೊಳ್ಳುವುದು. ಕೊಳದಂತೆ ನಿಂತ ನೀರಿನಲ್ಲಿ ಇದು ನಡೆಯುತ್ತದೆ. ಅಲೆಯ ನಡುವೆ ಒಂಟಿಕಾಲಲ್ಲಿ ನಿಂತು ಚಪ್ಪಲಿ ಬಿಚ್ಚಿ ಫಿನ್ ತೊಡುವುದೆಂದರೆ ಬೀಳುವುದಕ್ಕೆ ಮುಹೂರ್ತ ಇಟ್ಟಂತೆ. ಹೊರಗೆ ಬರುವಾಗ ಆ ಸರ್ಕಸ್ಸನ್ನೇ ಹಿಂದುಮುಂದಾಗಿ ಮತ್ತೊಮ್ಮೆ ಮಾಡಬೇಕು. ಇನ್ನು ರಬ್ಬರ್ ಹವಾಯಿ ಚಪ್ಪಲಿ, ಫೋಮ್ ಕ್ಲಾಗ್: ಮೊದಲ ಅಲೆಗೇ ಅವು ಕಾಲಿನಿಂದ ಕಳಚಿ ತೇಲಿಹೋಗುತ್ತವೆ. ಬೀಚಿನಲ್ಲಿ ತೊಡುವ ತೆಳು ಬಲೆಬಟ್ಟೆಯ ವಾಟರ್‌ಶೂ ಮರಳಿಗೆ ಸಾಕು, 25 ಕಿಲೋ ಹೊರೆ ಹೊತ್ತ ಪಾದಕ್ಕೆ ಸಾಲದು.

ಕೊಳ್ಳುವ ಕ್ರಮವೂ ಮುಖ್ಯ: ಮೊದಲು ಬೂಟು, ಆಮೇಲೆ ಅದಕ್ಕೆ ಹೊಂದುವ ಫಿನ್. ಹೆಚ್ಚಿನವರು ಇದನ್ನು ತಿರುಗಿಸಿ ಮಾಡುತ್ತಾರೆ. ಚೆಂದದ ಫಿನ್‌ಗೆ ಮನಸೋತು ಕೊಂಡು, ಅದರೊಳಗೆ ಹಿಡಿಸುವ ಯಾವುದಾದರೂ ಬೂಟು ಹುಡುಕುತ್ತ ಹೊರಡುತ್ತಾರೆ. ಕೊನೆಗೆ ಸಿಗುವುದು ತೆಳು ಅಟ್ಟೆಯದೇ, ಏಕೆಂದರೆ ಅದಷ್ಟೇ ಒಳಗೆ ಹೋಗುತ್ತದೆ.

ಹೆಜ್ಜೆ 3: ಅಟ್ಟೆಯನ್ನು ಕೈಯಾರೆ ಪರೀಕ್ಷಿಸಿ

ಇಲ್ಲಿ ಅವಸರ ಬೇಡ. ಬೂಟಿನ ಹೊರಗಿನ ಬಣ್ಣ, ಪಟ್ಟಿ, ಹೆಸರು ಎಲ್ಲ ಆಮೇಲೆ ನೋಡೋಣ. ಮೊದಲು ಅದನ್ನು ತಲೆಕೆಳಗು ಮಾಡಿ ಹಿಡಿಯಿರಿ.

ಮೊದಲ ಪರೀಕ್ಷೆ ಹೆಬ್ಬೆರಳಿನದು. ಒಂದು ಕೈ ಬೂಟಿನ ಒಳಗಿಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಅಟ್ಟೆಯನ್ನು ಹೊರಗಿನಿಂದ ಜೋರಾಗಿ ಒತ್ತಿ. ಒಳಗಿನ ಕೈಗೆ ಆ ಒತ್ತು ಒಂದೇ ಬಿಂದುವಿನಲ್ಲಿ ನಾಟಿದಂತೆ ತಿಳಿದರೆ ಕಲ್ಲಿನ ಮೊನೆಯೂ ಹಾಗೇ ತಿಳಿಯುತ್ತದೆ. ಒತ್ತು ಹರಡಿಕೊಂಡು ಮಂಕಾಗಿ ಬಂದರೆ ಅಟ್ಟೆ ಗಟ್ಟಿ. ಇನ್ನೂ ನಿಖರವಾಗಿ ಬೇಕೆಂದರೆ ಪೆನ್ನಿನ ಹಿಂಬದಿಯಿಂದ ಒತ್ತಿ. ಪಾದದ ಕಮಾನಿನ ಕೆಳಗೆ, ಅಂದರೆ ಅಟ್ಟೆಯ ನಡುಭಾಗದಲ್ಲಿ, ಒತ್ತುವುದನ್ನು ಮರೆಯಬೇಡಿ. ಎಷ್ಟೋ ಬೂಟುಗಳಲ್ಲಿ ಹಿಮ್ಮಡಿ ಮತ್ತು ಮುಂಗಾಲಿನಡಿ ದಪ್ಪ ರಬ್ಬರ್ ಇದ್ದು ನಡುವೆ ಬರೀ ತೆಳು ಹಾಳೆ ಇರುತ್ತದೆ. ಚೂಪು ಕಲ್ಲು ಸರಿಯಾಗಿ ಅಲ್ಲಿಗೇ ಬಂದು ಕೂರುತ್ತದೆ.

ಎರಡನೆಯದು ತಿರುಚುವ ಪರೀಕ್ಷೆ. ಮುಂಗಾಲು ಒಂದು ಕೈಯಲ್ಲಿ, ಹಿಮ್ಮಡಿ ಇನ್ನೊಂದರಲ್ಲಿ ಹಿಡಿದು ಬಟ್ಟೆ ಹಿಂಡುವಂತೆ ತಿರುಚಿ. ಪೂರ್ತಿ ಸುರುಳಿಯಾದರೆ ಅದು ಬೂಟಲ್ಲ, ಕಾಲುಚೀಲ. ಹಾಗೆಂದು ಹಲಗೆಯಂತೆ ಒಂದಿಷ್ಟೂ ಬಗ್ಗದಿರುವುದೂ ಒಳ್ಳೆಯದಲ್ಲ. ಮುಂಗಾಲಿನ ಗೆಣ್ಣಿನ ಬಳಿ ಮಡಚಬೇಕು, ನಡುಭಾಗ ಬಿಗಿಯಾಗಿರಬೇಕು. ಬಂಡೆಯ ಅಂಚಿನ ಮೇಲೆ ಅರ್ಧ ಪಾದವಷ್ಟೇ ಊರಿ ನಿಲ್ಲುವಾಗ ಈ ಬಿಗಿ ಕೈಹಿಡಿಯುತ್ತದೆ.

ಮೂರನೆಯದು ಉಗುರಿನ ಪರೀಕ್ಷೆ. ಅಟ್ಟೆಯ ರಬ್ಬರಿಗೆ ಉಗುರು ಊರಿ ನೋಡಿ. ಸ್ವಲ್ಪ ಒಳಗಿಳಿದು ಮತ್ತೆ ಮೇಲೆ ಬಂದರೆ ಅದು ಒದ್ದೆ ಕಲ್ಲನ್ನು ಹಿಡಿಯುವ ರಬ್ಬರ್. ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತ ಉಗುರಿಗೆ ಜಗ್ಗದಿದ್ದರೆ ವರ್ಷಗಟ್ಟಲೆ ಸವೆಯುವುದಿಲ್ಲ ನಿಜ, ಆದರೆ ಅಷ್ಟೂ ವರ್ಷ ಜಾರಿಸುತ್ತದೆ. ಮೆದು ರಬ್ಬರ್ ಬೇಗ ಸವೆಯುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಸವೆಯುವುದನ್ನೇ ಆರಿಸುತ್ತೇನೆ.

ಅಟ್ಟೆಯ ಮೇಲಿನ ವಿನ್ಯಾಸದ ಬಗ್ಗೆ ಒಂದು ಸಣ್ಣ ಕತೆ. ಅಮೆರಿಕದ ಪಾಲ್ ಸ್ಪೆರಿ ಎಂಬ ಹಾಯಿದೋಣಿಗ ತನ್ನ ನಾಯಿ ಮಂಜಿನ ಮೇಲೆ ಜಾರದೆ ಓಡುವುದನ್ನು ಕಂಡು ಅದರ ಅಂಗಾಲು ನೋಡಿದನಂತೆ. ಅಲ್ಲಿ ಕಂಡ ಸಣ್ಣ ಸಣ್ಣ ಬಿರುಕುಗಳನ್ನೇ ಚಾಕುವಿನಿಂದ ರಬ್ಬರಿನ ಮೇಲೆ ಕೊರೆದು, 1935ರಲ್ಲಿ ದೋಣಿಯ ಅಟ್ಟದ ಮೇಲೆ ಜಾರದ ಶೂ ಹೊರತಂದ. ಕೂದಲೆಳೆಯಂಥ ಆ ಗೀರುಗಳು ಪಾದ ಊರಿದಾಗ ಬಾಯಿ ತೆರೆದು, ಅಟ್ಟೆಗೂ ನೆಲಕ್ಕೂ ನಡುವಿನ ನೀರಿಗೆ ದಾರಿ ಕೊಡುತ್ತವೆ, ರಬ್ಬರ್ ನೇರವಾಗಿ ಕಲ್ಲಿಗೆ ತಾಗುತ್ತದೆ. ಚಪ್ಪಟೆ ಒದ್ದೆ ಬಂಡೆಗೆ ಇಂಥ ಸಣ್ಣ ಗೀರು ಬೇಕು. ಟ್ರ್ಯಾಕ್ಟರ್ ಟೈರಿನಂಥ ದಪ್ಪ ಗುಬಟುಗಳು ಕೆಸರು, ಜಲ್ಲಿ, ಸಡಿಲ ಕಲ್ಲಿಗೆ ಸರಿ. ನುಣುಪು ಬಂಡೆಯ ಮೇಲೆ ಅವುಗಳ ತುದಿಯಷ್ಟೇ ತಾಗಿ ಹಿಡಿತ ಕಡಿಮೆಯಾಗುತ್ತದೆ. ಎರಡೂ ಬೇಕೆನ್ನುವವರು ತಗ್ಗಾದ, ಅಗಲ ತಲೆಯ ಗುಬಟುಗಳಿದ್ದು ಅವುಗಳ ಮೇಲೆ ಗೀರು ಹಾಕಿದ ಅಟ್ಟೆ ಹುಡುಕಲಿ. ಯಾವ ಅಟ್ಟೆಯೂ ದಪ್ಪ ಪಾಚಿಯನ್ನು ಗೆಲ್ಲುವುದಿಲ್ಲ ಎಂಬುದೂ ತಲೆಯಲ್ಲಿರಲಿ. ಅಲ್ಲಿ ಬೂಟಿಗಿಂತ ಬೇರೆ ದಾರಿ ಹುಡುಕುವುದು ಜಾಣತನ.

ಹೊಳೆಯಲ್ಲಿ ಮೀನು ಹಿಡಿಯುವವರು ಉಣ್ಣೆಹಾಸಿನಂಥ ಫೆಲ್ಟ್ ಅಟ್ಟೆಯನ್ನು ಹೊಗಳುತ್ತಾರೆ. ಪಾಚಿ ಕಲ್ಲಿನ ಮೇಲೆ ಅದು ಹಿಡಿಯುವುದು ನಿಜ. ಆದರೆ ಚೂಪು ಸುಣ್ಣಕಲ್ಲು ಅದನ್ನು ಬೇಗ ಹರಿಯುತ್ತದೆ. ಜೊತೆಗೆ ಅದು ತೇವ ಹಿಡಿದಿಟ್ಟುಕೊಂಡು ಒಂದು ನೀರಿನ ಪಾಚಿಯನ್ನು ಇನ್ನೊಂದು ನೀರಿಗೆ ಸಾಗಿಸುತ್ತದೆ. ಈ ಕಾರಣಕ್ಕೇ ನ್ಯೂಜಿಲೆಂಡ್ 2008ರಲ್ಲಿ ಮೀನುಗಾರಿಕೆಗೆ ಫೆಲ್ಟ್ ಅಟ್ಟೆಯನ್ನು ನಿಷೇಧಿಸಿತು.

ಕೊನೆಗೆ ಅಂಚು ನೋಡಿ. ರಬ್ಬರ್ ಅಟ್ಟೆಯಲ್ಲೇ ನಿಂತುಬಿಡದೆ ಬೆರಳುಗಳ ಮುಂದೆ, ಹಿಮ್ಮಡಿಯ ಹಿಂದೆ, ಪಾದದ ಎರಡೂ ಪಕ್ಕ ಒಂದೆರಡು ಬೆರಳಷ್ಟು ಮೇಲಕ್ಕೆ ಹತ್ತಿರಬೇಕು. ಕಲ್ಲು ಕೆಳಗಿನಿಂದಷ್ಟೇ ಬರುವುದಿಲ್ಲ. ಎರಡು ಬಂಡೆಗಳ ಸಂದಿಗೆ ಪಾದ ಇಳಿದರೆ ಪಕ್ಕದಿಂದ ಕೊಯ್ಯುತ್ತದೆ. ಹಿಮ್ಮಡಿಯ ಹಿಂದೆ ಅಡ್ಡಕ್ಕೆ ಒಂದು ಉಬ್ಬು ಇದ್ದರೆ ಇನ್ನೂ ಒಳ್ಳೆಯದು, ಫಿನ್ ಪಟ್ಟಿ ಕೆಳಗೆ ಜಾರದಂತೆ ಅದು ತಡೆಯುತ್ತದೆ. ಅಟ್ಟೆಗೂ ಬಟ್ಟೆಗೂ ಬೆಸುಗೆಯಾದ ಗೆರೆಯನ್ನು ಸುತ್ತಲೂ ಉಗುರಿನಿಂದ ಎಬ್ಬಿಸಿ ನೋಡಿ. ಹೊಸ ಬೂಟಿನಲ್ಲೇ ಒಂದು ಮೂಲೆ ಎದ್ದರೆ ಉಪ್ಪುನೀರಿನಲ್ಲಿ ಉಳಿದದ್ದೂ ಅದರ ಹಿಂದೆಯೇ ಎದ್ದುಬರುತ್ತದೆ.

ಹೆಜ್ಜೆ 4: ಎಷ್ಟು ದಪ್ಪ ನಿಯೋಪ್ರೀನ್?

ಡೈವ್ ಬೂಟಿನ ಮೇಲ್ಭಾಗ ನಿಯೋಪ್ರೀನಿನದು. 1930ರಲ್ಲಿ ಡ್ಯುಪಾಂಟ್ ಪ್ರಯೋಗಾಲಯದಲ್ಲಿ ಹುಟ್ಟಿದ ಕೃತಕ ರಬ್ಬರ್ ಇದು. ನಾವು ತೊಡುವುದು ಅದರ ನೊರೆರೂಪ, ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳು. ಅಂಗಡಿಗಳಲ್ಲಿ ಸಾಮಾನ್ಯವಾಗಿ 3, 5, 7 ಮಿಲಿಮೀಟರಿನವು ಸಿಗುತ್ತವೆ. ನೀರು 26ರಿಂದ 29 ಡಿಗ್ರಿ ಇರುವ ಕಡಲಿನಲ್ಲಿ ಪಾದ ತಣ್ಣಗಾಗುವ ಭಯ ಅಷ್ಟಿಲ್ಲ, 7 ಮಿಲಿಮೀಟರ್ ಸುಮ್ಮನೆ ಭಾರ. ಹಾಗಾದರೆ 3 ಸಾಕಲ್ಲವೇ ಅನ್ನಿಸಬಹುದು. ಬೆಚ್ಚಗಿಡುವುದಕ್ಕೆ ಸಾಕು. ಆದರೆ ಕಾಲಿನ ಗಂಟಿನ ಮೂಳೆ ಬಂಡೆಗೆ ಬಡಿದಾಗ 5 ಮಿಲಿಮೀಟರ್ ಮೆತ್ತೆಯ ಬೆಲೆ ತಿಳಿಯುತ್ತದೆ. ಕಲ್ಲು ದಡಕ್ಕೆ ನನ್ನ ಮತ 5ಕ್ಕೆ.

ಒಂದು ತೊಡಕಿದೆ. 10 ಮೀಟರ್ ಆಳದಲ್ಲಿ ಒತ್ತಡ ಮೇಲ್ಮೈಯ ಎರಡರಷ್ಟಾಗುತ್ತದೆ, ಗಾಳಿಗುಳ್ಳೆಗಳು ಕುಗ್ಗುತ್ತವೆ, ಬೂಟು ತೆಳುವಾಗುತ್ತದೆ. ದಡದಲ್ಲಿ ಬಿಗಿಯಾಗಿದ್ದ ಫಿನ್ ಪಟ್ಟಿ ಆಳದಲ್ಲಿ ಸಡಿಲಾಗುವುದು ಇದಕ್ಕೇ. ರಬ್ಬರ್ ಪಟ್ಟಿಯ ಬದಲು ಸ್ಟೀಲ್ ಸ್ಪ್ರಿಂಗ್ ಪಟ್ಟಿ ಹಾಕಿಕೊಂಡರೆ ಬೂಟು ಕುಗ್ಗಿದಷ್ಟೂ ಅದು ತಾನೇ ಬಿಗಿದುಕೊಳ್ಳುತ್ತದೆ. ಅಲೆಯಲ್ಲಿ ನಿಂತು ಒಂದೇ ಕೈಯಲ್ಲಿ ತೊಡುವುದಕ್ಕೂ ಕಳಚುವುದಕ್ಕೂ ಅದರಷ್ಟು ಸಲೀಸು ಬೇರೆ ಇಲ್ಲ. ಬೂಟಿಗೆ ಖರ್ಚು ಮಾಡಿ ಏನಾದರೂ ಉಳಿದರೆ ಮುಂದಿನ ಖರ್ಚು ಇದಕ್ಕಿರಲಿ.

ಹೆಜ್ಜೆ 5: ಎತ್ತರ ಮತ್ತು ಜಿಪ್

ಗಂಟಿನ ಕೆಳಗೇ ಮುಗಿಯುವ ಗಿಡ್ಡ ಬೂಟು ತೊಡಲು ಸುಲಭ, ಒಣಗುವುದೂ ಬೇಗ. ಅಲೆಯಲ್ಲಿ ಮಾತ್ರ ಮರಳು, ಜಲ್ಲಿ, ಮುರಿದ ಚಿಪ್ಪು ಎಲ್ಲ ಅದರೊಳಗೆ ಬಂದು ಸೇರುತ್ತವೆ. ಬೂಟಿನೊಳಗೆ ಹೊಕ್ಕ ಒಂದೇ ಒಂದು ಹವಳದ ಚೂರು ಮುಕ್ಕಾಲು ಗಂಟೆಯ ಡೈವನ್ನು ಹೇಗೆ ಹಾಳು ಮಾಡಬಲ್ಲದು ಎಂದು ಅನುಭವಿಸಿದವರಿಗೇ ಗೊತ್ತು. ಗಂಟಿಗಿಂತ ಒಂದು ಗೇಣು ಮೇಲೆ ಬರುವ ಬೂಟು ತೊಟ್ಟು, ವೆಟ್‌ಸೂಟಿನ ಕಾಲನ್ನು ಅದರ ಮೇಲೆ ಇಳಿಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಆದರೆ ನಿಯೋಪ್ರೀನ್ ಎಷ್ಟೇ ಎತ್ತರವಿದ್ದರೂ ಟ್ರೆಕ್ಕಿಂಗ್ ಬೂಟಿನಂತೆ ಗಂಟು ಹೊರಳದಂತೆ ಕಟ್ಟಿಹಿಡಿಯುವುದಿಲ್ಲ, ಪೆಟ್ಟು ಮತ್ತು ಗೀರು ತಡೆಯುತ್ತದೆ, ಅಷ್ಟೇ.

ಜಿಪ್ ಪ್ಲಾಸ್ಟಿಕ್ ಹಲ್ಲಿನದಾಗಿರಲಿ, ಹಲ್ಲು ದಪ್ಪವಿರಲಿ. ಹಿಂದೆ ಅಗಲವಾದ ನಿಯೋಪ್ರೀನ್ ನಾಲಿಗೆ, ಮೇಲೆ ಜಿಪ್ ಕೆಳಗೆ ಸರಿಯದಂತೆ ಒಂದು ವೆಲ್ಕ್ರೋ ಪಟ್ಟಿ ಇದ್ದರೆ ಸಾಕು. ಜಿಪ್ ಇಲ್ಲದ ಬೂಟಿನಲ್ಲಿ ಕೆಡುವ ಭಾಗ ಒಂದು ಕಡಿಮೆ, ಆದರೆ ಒದ್ದೆ ಪಾದಕ್ಕೆ ಅದನ್ನು ಏರಿಸುವುದು ದಿನದ ಎರಡನೆಯ ಡೈವ್ ಹೊತ್ತಿಗೆ ಕುಸ್ತಿಯಾಗುತ್ತದೆ.

ತೀರಾ ಒರಟು ದಡಗಳಿಗೆ ಇಳಿಯುವ ಕೆಲವರು ರಾಕ್ ಬೂಟ್ ತೊಡುತ್ತಾರೆ. ತಣ್ಣೀರಿನಲ್ಲಿ ಡ್ರೈಸೂಟಿನ (ಒಳಗೆ ನೀರು ಬಿಡದ ಡೈವ್ ಉಡುಪು) ಮೇಲೆ ಹಾಕುವ ಲೇಸಿನ ಶೂ ಅದು. ತೆಳು ನಿಯೋಪ್ರೀನ್ ಕಾಲುಚೀಲದ ಮೇಲೆ ಇದನ್ನು ಕಟ್ಟಿಕೊಂಡರೆ ನಡಿಗೆಗೆ ಇದಕ್ಕೆ ಸಾಟಿ ಇಲ್ಲ. ಫಿನ್ ಮಾತ್ರ ದೊಡ್ಡ ಅಳತೆಯದು ಬೇಕು. ಲೇಸಿನ ತುದಿಗಳನ್ನು ಒಳಗೆ ತುರುಕಬೇಕು, ಇಲ್ಲದಿದ್ದರೆ ಎಲ್ಲಾದರೂ ಸಿಕ್ಕಿಕೊಳ್ಳುತ್ತವೆ. ಒಣಗಲು ಎರಡು ದಿನವಾದರೂ ಆದೀತು. ವಾರಕ್ಕೊಮ್ಮೆ ಕಲ್ಲು ದಡಕ್ಕೆ ಇಳಿಯುವವರಿಗೆ ಇದನ್ನು ಶಿಫಾರಸು ಮಾಡುತ್ತೇನೆ, ವರ್ಷಕ್ಕೊಮ್ಮೆ ಇಳಿಯುವವರಿಗಲ್ಲ.

ಹೆಜ್ಜೆ 6: ಅಳತೆ

ಬೂಟು ಎಷ್ಟೇ ಒಳ್ಳೆಯದಿರಲಿ, ಅಳತೆ ತಪ್ಪಿದರೆ ಶತ್ರುವೇ. ಬೇರೆ ಬೇರೆ ದೇಶಗಳ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಕೆಲವು ಬೂಟುಗಳ ಮೇಲಂತೂ ಸಣ್ಣ, ಮಧ್ಯಮ, ದೊಡ್ಡ ಎಂದಷ್ಟೇ ಬರೆದಿರುತ್ತದೆ. ಅದಕ್ಕೆ ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಇಟ್ಟುಕೊಳ್ಳಿ. ಸಂಜೆಯ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಕಾಗದದ ಮೇಲೆ ನಿಂತು ಸುತ್ತ ಗೆರೆ ಎಳೆಯಿರಿ. ಕೂತು ಎಳೆಯಬೇಡಿ, ಮೈಭಾರ ಬಿದ್ದಾಗ ಪಾದ ಉದ್ದಗಲ ಎರಡೂ ಚಾಚುತ್ತದೆ. ಎರಡೂ ಪಾದ ಅಳೆಯಿರಿ, ದೊಡ್ಡದರ ಲೆಕ್ಕ ಹಿಡಿಯಿರಿ. ಅಗಲವನ್ನೂ ಬರೆದಿಡಿ.

ತೊಟ್ಟಾಗ ಮೂರು ವಿಷಯ ಗಮನಿಸಿ. ಬೆರಳುಗಳು ಮಡಚದೆ ಚಾಚಿಕೊಂಡಿರಬೇಕು, ಮುಂದಿನ ಗೋಡೆಯನ್ನು ಮುಟ್ಟಿಯೂ ಮುಟ್ಟದಂತಿರಬೇಕು. ಹಿಮ್ಮಡಿ ಮೇಲೇಳಬಾರದು: ತುದಿಗಾಲಲ್ಲಿ ನಿಂತು ನೋಡಿ, ಬೂಟು ನಿಮ್ಮ ಜೊತೆಗೇ ಏಳಬೇಕು. ಪಾದದ ಬೆನ್ನ ಮೇಲೆ ಜೋಳಿಗೆಯಂತೆ ಖಾಲಿ ಜಾಗ ಇರಬಾರದು, ಅಲ್ಲಿ ನೀರು ತುಂಬಿ ಪ್ರತಿ ಹೆಜ್ಜೆಗೂ ಪಚಪಚ ಎನ್ನುತ್ತದೆ, ನಡೆಯುವಾಗ ಪಾದ ಒಳಗೇ ಜಾರುತ್ತದೆ. ನಿಯೋಪ್ರೀನ್ ಒದ್ದೆಯಾಗಿ ಬಳಕೆಯಾದಂತೆ ಸ್ವಲ್ಪ ಹಿಗ್ಗುತ್ತದೆ, ಹಾಗಾಗಿ ಹೊಸದರಲ್ಲಿ ಹಿತವಾದ ಬಿಗಿ ಇದ್ದರೆ ಚಿಂತೆಯಿಲ್ಲ. ಬೆರಳು ಮರಗಟ್ಟುವ ಬಿಗಿ ಇದ್ದರೆ ಮಾತ್ರ ಬಿಟ್ಟುಬಿಡಿ. ಹಾಗೆ ಬಿಗಿದ ಬೂಟು ನೀರೊಳಗೆ ಪಾದ ಸೆಡೆಯುವುದಕ್ಕೂ ದಾರಿ ಮಾಡುತ್ತದೆ.

ಆಮೇಲೆ ಇಳಿಜಾರು. ಅಂಗಡಿಯಲ್ಲಿ ಮೆಟ್ಟಿಲಿದ್ದರೆ ಹತ್ತು ಸಲ ಇಳಿಯಿರಿ. ಇಲ್ಲದಿದ್ದರೆ ಗೋಡೆಗೆ ಕೈಕೊಟ್ಟು ಬೂಟಿನ ಮೂತಿಯನ್ನು ನೆಲಕ್ಕೆ ಕುಟ್ಟಿ. ಬೆರಳಿನ ಉಗುರು ಮುಂದಕ್ಕೆ ಹೋಗಿ ಬಡಿದರೆ ಅರ್ಧ ಅಳತೆ ದೊಡ್ಡದು ಬೇಕು, ಅಥವಾ ಬೇರೆ ಬೂಟೇ ಬೇಕು. ಅಗಲ ಪಾದದವರು ಅಗಲಕ್ಕಾಗಿ ಉದ್ದ ಹೆಚ್ಚಿಸುವ ತಪ್ಪು ಮಾಡುತ್ತಾರೆ. ಉದ್ದ ಹೆಚ್ಚಾದ ಬೂಟಿನ ಮೂತಿ ಕಲ್ಲಿನ ಸಂದಿಗೆ ಸಿಕ್ಕಿ ಮುಗ್ಗರಿಸುತ್ತದೆ. ಬದಲಿಗೆ ಮುಂಭಾಗ ಅಗಲವಿರುವ ಮಾದರಿ ಹುಡುಕಿ.

ಹೆಜ್ಜೆ 7: ಬೂಟು, ಫಿನ್, ಹೊರೆ ಸೇರಿಸಿ ನೋಡಿ

ಬೂಟು ತೊಟ್ಟ ಪಾದವನ್ನು ಫಿನ್ ಒಳಗೆ ತೂರಿಸಿ. ಪಾದ ಪೂರ್ತಿ ಒಳಗೆ ಹೋಗಿ, ಫಿನ್ನಿನ ತಳಹಲಗೆ ಹಿಮ್ಮಡಿಯ ಹತ್ತಿರದವರೆಗೂ ಬರಬೇಕು. ಅರ್ಧಕ್ಕೇ ನಿಂತರೆ ಪಾದದ ಬಲವೆಲ್ಲ ಮುಂಗಾಲಿನ ಮೇಲೆ ಬಿದ್ದು ಹದಿನೈದು ನಿಮಿಷಕ್ಕೇ ಮೀನಖಂಡ ಹಿಡಿಯುತ್ತದೆ. ಬೂಟಿನ ಗುಬಟುಗಳು ಒಳಗೆ ಕಚ್ಚಿಕೊಳ್ಳುತ್ತವೆಯೇ ನೋಡಿ. ಒಳಗೆ ಹೋದದ್ದು ಸಲೀಸಾಗಿ ಹೊರಗೂ ಬರಬೇಕು: ಹೊರಬರುವಾಗ ಬೆನ್ನ ಹಿಂದೆ ಅಲೆ ಏಳುತ್ತಿರುವಾಗ ಫಿನ್ ಜೊತೆ ಜಗ್ಗಾಡಲು ಹೊತ್ತಿರುವುದಿಲ್ಲ. ಬೂಟನ್ನೂ ಫಿನ್ನನ್ನೂ ಒದ್ದೆ ಮಾಡಿಯೂ ಒಮ್ಮೆ ನೋಡಿ. ಒಣಗಿದ್ದಾಗ ಅಂಟಿಕೊಳ್ಳುವ ಜೋಡಿ ನೀರಿನಲ್ಲಿ ಸುಲಭವಾಗಿ ಜಾರುವುದುಂಟು.

ಆಮೇಲೆ ಹೊರೆಯ ಪರೀಕ್ಷೆ. ಇದನ್ನು ಯಾರೂ ಮಾಡುವುದಿಲ್ಲ, ಮಾಡಬೇಕು. ಬೆನ್ನಚೀಲಕ್ಕೆ ಇಪ್ಪತ್ತು ಕಿಲೋ ತುಂಬಿ, ಬೂಟು ತೊಟ್ಟು, ದಪ್ಪ ಜಲ್ಲಿಯ ಮೇಲೆ ಹತ್ತು ನಿಮಿಷ ನಡೆಯಿರಿ. ಬರಿಮೈಯಲ್ಲಿ ಗಟ್ಟಿ ಅನ್ನಿಸಿದ ಅಟ್ಟೆ ಹೊರೆ ಬಿದ್ದಾಗ ಹೇಗಿದೆ ಎಂದು ಆಗ ತಿಳಿಯುತ್ತದೆ. ಗೋಡೆ ಅಥವಾ ಜೊತೆಗಾರರ ಭುಜ ಹಿಡಿದು, ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಮಂಡಿಯ ಮೇಲೆ ಅಡ್ಡ ತಂದು ಫಿನ್ ತೊಡಿಸುವುದನ್ನೂ ಅಭ್ಯಾಸ ಮಾಡಿ.

ಹೆಜ್ಜೆ 8: ದಡದಲ್ಲಿ ಬೂಟನ್ನು ಬಳಸುವುದು

ಇಳಿಯುವ ಮೊದಲು ಹತ್ತು ನಿಮಿಷ ನೀರು ನೋಡುತ್ತ ನಿಲ್ಲಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ, ಅವುಗಳ ನಡುವೆ ಬಿಡುವು ಇರುತ್ತದೆ. ಹೆಜ್ಜೆ ಇಡಬೇಕಾದದ್ದು ಆ ಬಿಡುವಿನಲ್ಲಿ. ಒಂದು ಪಾದ ಗಟ್ಟಿಯಾಗಿ ಊರಿದ ಮೇಲೇ ಇನ್ನೊಂದನ್ನು ಎತ್ತಿ. ಮಂಡಿ ಸ್ವಲ್ಪ ಬಾಗಿರಲಿ. ಕಲ್ಲಿನ ನೆತ್ತಿಯ ಮೇಲೆ ಕಾಲಿಡುವುದಕ್ಕಿಂತ ಕಲ್ಲುಗಳ ನಡುವೆ ನೆಲೆ ಸಿಕ್ಕುವಲ್ಲಿ ಇಡಿ, ಆದರೆ ಪಾದ ಸಿಕ್ಕಿಕೊಳ್ಳುವ ಇಕ್ಕಟ್ಟಿನಲ್ಲಿ ಬೇಡ. ಮಾಸ್ಕ್ ಮುಖದ ಮೇಲೆ, ರೆಗ್ಯುಲೇಟರ್ ಬಾಯಲ್ಲಿ, ಜಾಕೆಟ್‌ನಲ್ಲಿ ಒಂದಿಷ್ಟು ಗಾಳಿ ಇರಲಿ, ಬಿದ್ದರೂ ಉಸಿರಿಗೆ ತೊಂದರೆಯಿಲ್ಲ. ಸೊಂಟದ ಆಳ ಬಂದ ಕೂಡಲೇ ತೇಲಿಕೊಂಡು ಫಿನ್ ತೊಡಿ. ಫಿನ್ ತೊಟ್ಟು ಕಲ್ಲಿನ ಮೇಲೆ ನಡೆಯುವ ಸಾಹಸ ಬೇಡ.

ಗಟ್ಟಿ ಬೂಟು ತೊಟ್ಟವರಿಗೆ ಒಂದು ಕೆಟ್ಟ ಧೈರ್ಯ ಬರುತ್ತದೆ, ಏನು ಸಿಕ್ಕರೂ ತುಳಿಯಬಹುದು ಎಂದು. ಜೀವಂತ ಹವಳವನ್ನು ತುಳಿದರೆ ನಿಮ್ಮ ಪಾದಕ್ಕೆ ಏನೂ ಆಗುವುದಿಲ್ಲ, ವರ್ಷಗಳ ಬೆಳವಣಿಗೆ ಮಾತ್ರ ನಿಮ್ಮ ಅಟ್ಟೆಯಡಿ ಪುಡಿಯಾಗುತ್ತದೆ. ಹವಳ ಶುರುವಾಗುವ ಮೊದಲೇ ತೇಲಿಬಿಡಿ. ಬಂಡೆ ಮುಗಿದು ಮರಳು ಸಿಕ್ಕಲ್ಲಿ ಪಾದ ಎತ್ತಿಡದೆ ನೆಲಕ್ಕೆ ಉಜ್ಜುತ್ತ ಸಾಗಿ, ಮರಳಿನಡಿ ಮಲಗಿದ ತೊರಕೆ ಮೀನು ಸದ್ದಿಗೆ ಎದ್ದು ಹೋಗುತ್ತದೆ.

ಬೂಟು ತಡೆಯದ ಎರಡು ಜೀವಿಗಳು

ಮೊದಲನೆಯದು ಉದ್ದ ಮುಳ್ಳಿನ ಸೀ ಅರ್ಚಿನ್. ಬಂಡೆಯ ಸಂದಿಯಲ್ಲಿ ಕೂತ ಕರಿ ಮುಳ್ಳಿನ ಚೆಂಡು. ಮೇಲೆ ನೆರಳು ಬಿದ್ದರೆ ಮುಳ್ಳುಗಳನ್ನು ಆ ಕಡೆಗೇ ತಿರುಗಿಸುತ್ತದೆ. ದಪ್ಪ ಅಟ್ಟೆ ಬಹುಮಟ್ಟಿಗೆ ತಡೆದೀತು, ಪಕ್ಕದ ನಿಯೋಪ್ರೀನ್ ತಡೆಯದು. ಮುಳ್ಳು ಸೂಜಿಯಂತೆ ಒಳಗೆ ಹೋಗಿ ಪಟ್ಟನೆ ಮುರಿಯುತ್ತದೆ. ಹೊರಗೆ ಕಾಣುವುದನ್ನು ಚಿಮಟದಿಂದ ನಿಧಾನವಾಗಿ ತೆಗೆಯಿರಿ. ಆಳಕ್ಕಿಳಿದದ್ದನ್ನು ಅಗೆಯಲು ಹೋಗದೆ ವೈದ್ಯರಿಗೆ ತೋರಿಸಿ. ಗಂಟಿನ ಹತ್ತಿರ ಹೊಕ್ಕಿದ್ದರಂತೂ ತಡ ಮಾಡಬೇಡಿ.

ಎರಡನೆಯದು ಸ್ಟೋನ್‌ಫಿಶ್, ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್ ನೀರಿನದು. ಕಲ್ಲಿನಂತೆಯೇ ಕಾಣುವ ಮೀನು, ಬೆನ್ನ ಮೇಲೆ 13 ವಿಷಮುಳ್ಳು. ತೆಳು ಅಟ್ಟೆಯನ್ನು ಅದು ತೂರಿ ಬರಬಲ್ಲದು. ಇದರ ವಿಷ ಶಾಖಕ್ಕೆ ಕೆಡುತ್ತದೆ, ಆದ್ದರಿಂದ ಪಾದವನ್ನು ಸುಮಾರು 45 ಡಿಗ್ರಿಯ, ಚರ್ಮ ಸುಡದಷ್ಟು ಬಿಸಿಯ ನೀರಿನಲ್ಲಿ 30ರಿಂದ 90 ನಿಮಿಷ ಇಡಬೇಕು. ನೀರಿನ ಬಿಸಿಯನ್ನು ಗಾಯವಾದ ಪಾದದಿಂದ ನೋಡಬಾರದು, ನೋವಿನಲ್ಲಿ ಅದಕ್ಕೆ ಬಿಸಿ ತಿಳಿಯದೆ ಸುಟ್ಟುಹೋದೀತು. ಬೇರೆಯವರು ಕೈಯಿಟ್ಟು ನೋಡಲಿ. ಇದೆಲ್ಲ ಆಸ್ಪತ್ರೆಗೆ ಹೋಗುವ ಏರ್ಪಾಡು ನಡೆಯುತ್ತಿರುವಾಗಲೇ ಆಗಬೇಕು, ಆಸ್ಪತ್ರೆಗೆ ಬದಲಾಗಿ ಅಲ್ಲ.

ಹೆಜ್ಜೆ 9: ಬಾಳಿಕೆ

ಪ್ರತಿ ಡೈವ್ ದಿನದ ಕೊನೆಗೆ ಸಿಹಿನೀರಿನಲ್ಲಿ ಒಳಹೊರಗೆ ತೊಳೆಯಿರಿ. ಜಿಪ್ ತೆರೆದು ಅದರ ಹಲ್ಲಿನ ಮರಳು ತೆಗೆಯಿರಿ, ಒಣಗಿದ ಮೇಲೆ ಜಿಪ್‌ಗೆ ಮೇಣ ಸವರಿ. ನೆರಳಿನಲ್ಲಿ, ಬಾಯಿ ಕೆಳಗೆ ಮಾಡಿ ಒಣಗಿಸಿ. ಬಿಸಿಲು ನಿಯೋಪ್ರೀನನ್ನು ಒಣಕಲು ಮಾಡುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿ ಅದಕ್ಕಿಂತ ಕೆಟ್ಟದ್ದು, ಅಟ್ಟೆಯ ಅಂಟು ಅಲ್ಲೇ ಬಿಡತೊಡಗುತ್ತದೆ. ಅಂಚು ಸ್ವಲ್ಪ ಎದ್ದಿದ್ದರೆ ನಿಯೋಪ್ರೀನ್ ಅಂಟು ಎರಡೂ ಬದಿಗೆ ಸವರಿ, ಒಂದಿಷ್ಟು ಒಣಗಲು ಬಿಟ್ಟು, ಅದುಮಿ, ರಾತ್ರಿಯಿಡೀ ಕ್ಲಿಪ್ ಹಾಕಿಡಿ.

ಬೂಟು ಬದಲಿಸುವ ಕಾಲ ಬಂದಿತೆಂದು ತಿಳಿಯುವುದು ಅದೇ ಹೆಬ್ಬೆರಳಿನ ಪರೀಕ್ಷೆಯಿಂದ. ಕೊಂಡ ದಿನ ಮಂಕಾಗಿ ಬರುತ್ತಿದ್ದ ಒತ್ತು ಈಗ ಮೊನಚಾಗಿ ಬರುತ್ತಿದ್ದರೆ, ಗೀರುಗಳು ಸವೆದು ಅಟ್ಟೆ ನುಣ್ಣಗಾಗಿದ್ದರೆ, ಆ ಜೋಡಿಯನ್ನು ಈಜುಕೊಳಕ್ಕೋ ದೋಣಿ ಡೈವ್‌ಗೋ ಇಟ್ಟುಕೊಳ್ಳಿ. ಕಲ್ಲಿಗೆ ಹೊಸದನ್ನು ತನ್ನಿ, ತಂದ ಮೇಲೆ ಹಳೆಯ ಫಿನ್ ಅದಕ್ಕೆ ಹೊಂದುತ್ತದೆಯೇ ಎಂದು ಮತ್ತೆ ನೋಡಿ.